ಗಡಿಯಾರ ಕಂಡರೆ ನಿಧಾನವಾಗುವ ಕೈ

ಮೊನ್ನೆ ಭಾನುವಾರ ಬೆಳಿಗ್ಗೆ ನೀರುದೋಸೆ ಹೊಯ್ಯುತ್ತಿದ್ದೆ. ನನ್ನ ಹೆಂಡತಿ ಶಶಿಕಲಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಗೋಡೆಯ ಗಡಿಯಾರ ನೋಡಿದಳು. ನೋಡಿದಳು ಅಷ್ಟೆ. ನನ್ನ ಕೈ ನಿಧಾನವಾಯಿತು.

"ಎಂಥದು ಇದು? ಇಷ್ಟು ಹೊತ್ತು ಮಿಷಿನಿನ ಹಾಗೆ ಹೊಯ್ತಿದ್ರಿ. ಈಗ ಫೋಟೋಕ್ಕೆ ನಿಂತ ಮದುಮಗನ ಹಾಗೆ ಮಾಡ್ತೀರಿ" ಅಂದಳು.

"ನೀನು ಗಡಿಯಾರ ನೋಡಿದ್ದು ಯಾಕೆ?"

"ಗಡಿಯಾರ ನೋಡ್ಲಿಕ್ಕೆ ಅಲ್ಲದೆ ಮತ್ತೆ ಎಂಥಕ್ಕೆ ಇರುದು ಮಾರಾಯ್ರೆ!"

ಅವಳ ಮಾತು ಸರಿ. ಆದರೆ ಇದು ನನಗೆ ಇವತ್ತು ಹತ್ತಿದ ಕಾಯಿಲೆಯಲ್ಲ. ಯಾರಾದರೂ ನನ್ನ ಮುಂದೆ ನಿಂತು ಗಡಿಯಾರ ನೋಡಿದರೆ ಸಾಕು, ನನ್ನ ಹತ್ತು ಬೆರಳುಗಳೂ ಒಂದಕ್ಕೊಂದು ಮರ್ಯಾದೆಯಿಂದ ದಾರಿ ಬಿಟ್ಟುಕೊಡುತ್ತಾ ನಡೆಯತೊಡಗುತ್ತವೆ. ಅಂಗಡಿಯ ಸಾಲಿನಲ್ಲಿ ಹಿಂದಿನವರು ವಾಚು ನೋಡಿಕೊಂಡರೆ ನನ್ನ ಚೀಲದ ಬಾಯಿ ತೆರೆದುಕೊಳ್ಳುವುದಿಲ್ಲ. ಒಮ್ಮೆ ಕ್ಲಿನಿಕ್ಕಿನಲ್ಲಿ ನರ್ಸು ನನ್ನ ಮಣಿಕಟ್ಟು ಹಿಡಿದು ತನ್ನ ವಾಚು ನೋಡತೊಡಗಿದಾಗ, ಎದೆಯೊಳಗಿನದ್ದೂ ಇದೇ ವಿದ್ಯೆ ಕಲಿತಿದ್ದರೆ ಗತಿಯೇನು ಎಂದು ನಿಜಕ್ಕೂ ಹೆದರಿದ್ದೆ.

ಈ ವಿದ್ಯೆ ಎಲ್ಲಿ ಕಲಿತೆ ಎಂಬುದನ್ನು ಹೇಳಬೇಕಾದರೆ ನನ್ನ ತಂಗಿಯ ವಿಷಯ ಹೇಳಬೇಕಾಗುತ್ತದೆ. ಅದನ್ನು ಆರು ವರ್ಷ ಯಾರಿಗೂ ಹೇಳಿರಲಿಲ್ಲ. ನಾನು ಏಳನೇ ಕ್ಲಾಸಿನವರೆಗೆ ಓದಿದವನು. ಆಮೇಲೆ ಕನ್ನಡ ನನ್ನಲ್ಲಿ ಉಳಿದದ್ದು ಮುಂಬೈಯ ಹೋಟೆಲಿನಲ್ಲಿ ವಡೆ ಕಟ್ಟಿಕೊಡುತ್ತಿದ್ದ ಹಳೆಯ ಪೇಪರುಗಳಿಂದ. ನನ್ನ ಬರವಣಿಗೆಯಲ್ಲಿ ಎಲ್ಲಾದರೂ ಎಣ್ಣೆಯ ಕಲೆ ಕಂಡರೆ ನೀವು ಮನಸ್ಸಿಗೆ ಹಾಕಿಕೊಳ್ಳಬಾರದು.

ನನ್ನ ತಂಗಿಯ ಹೆಸರು ಹರಿಣಾಕ್ಷಿ. ಮನೆಯಲ್ಲಿ ಹರಿಣಿ. ನನಗಿಂತ ಎಂಟು ವರ್ಷಕ್ಕೆ ಚಿಕ್ಕವಳು. ಉಡುಪಿಯ ಕಡೆ ನಮ್ಮ ಮನೆ ಇದ್ದದ್ದು ಕೆಂಪುಕಲ್ಲಿನ ಕೋರೆಯ ಪಕ್ಕದಲ್ಲಿ. ಅಪ್ಪ ಅಲ್ಲೇ ಕಲ್ಲು ಕಡಿಯುತ್ತಿದ್ದರು. ಕಲ್ಲು ತೆಗೆದು ಬಿಟ್ಟ ಹಳೆಯ ಹೊಂಡಗಳಲ್ಲಿ ಮಳೆಗಾಲ ಮುಗಿಯುವಾಗ ನೀರು ತುಂಬಿ ಹಸಿರಾಗಿ ನಿಲ್ಲುತ್ತಿತ್ತು. ನನಗೆ ಅದರಲ್ಲಿ ಮುಳುಗಿ ಉಸಿರು ಕಟ್ಟಿ ಕೂರುವ ಹುಚ್ಚು. ಅಮ್ಮನಿಗೆ ಗೊತ್ತಾದರೆ ಬೆನ್ನಿಗೆ ಬೀಳುತ್ತಿದ್ದದ್ದು ಬೇರೆ ವಿಷಯ. ಎಷ್ಟು ಹೊತ್ತು ಮುಳುಗಿದ್ದೆ ಎಂದು ಹೇಳಲು ಒಬ್ಬರು ಬೇಕಲ್ಲ? ಆರು ವರ್ಷದ ಹರಿಣಿಯನ್ನು ಕಡಿದ ಕಲ್ಲಿನ ಮೆಟ್ಟಿಲ ಮೇಲೆ ಕೂರಿಸುತ್ತಿದ್ದೆ. ಅವಳು ಕೈಯಲ್ಲೊಂದು ಸಣ್ಣ ಕಲ್ಲು ಹಿಡಿದು ಮೆಟ್ಟಿಲಿಗೆ ಕುಟ್ಟುತ್ತಾ ತುಳುವಿನಲ್ಲಿ ಎಣಿಸಬೇಕು: ಒಂಜಿ, ರಡ್ಡ್, ಮೂಜಿ. ನೂರಾದಾಗ ನಾನು ಮೇಲೆ ಬರಬೇಕು.

ನೀರಿನ ಒಳಗೆ ಎಣಿಕೆ ಕೇಳುತ್ತಿರಲಿಲ್ಲ. ಕಲ್ಲಿನ ಸದ್ದು ಕೇಳುತ್ತಿತ್ತು. ಮೊದಮೊದಲು ಟಕ್... ಟಕ್... ಎಂದು ಸಮಾಧಾನದಲ್ಲಿ ಬರುತ್ತಿತ್ತು. ಅರುವತ್ತು ಎಪ್ಪತ್ತು ದಾಟಿತು ಅನ್ನುವಾಗ ಅದಕ್ಕೆ ಕಾಲು ಬರುತ್ತಿತ್ತು. ಕೊನೆಯ ಇಪ್ಪತ್ತಂತೂ ಮಾಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ. ಅಣ್ಣ ಮೇಲೆ ಬರುವುದಿಲ್ಲವೇನೋ ಎಂಬ ಹೆದರಿಕೆಗೆ ಅವಳು ನೂರನ್ನೇ ಎಳೆದು ಹತ್ತಿರ ತರುತ್ತಿದ್ದಳು. ನನಗೆ ಅದು ಗೊತ್ತಿತ್ತು. ಆದರೂ ಮೇಲೆ ಬಂದು ಮೂಗಿನ ನೀರು ಸೀನಿ, "ನೂರಾ?" ಎಂದು ಕೇಳುತ್ತಿದ್ದೆ. "ಸರೀ ನೂರು ಅಣ್ಣಾ!" ಅನ್ನುತ್ತಿದ್ದಳು. ಆ ನೂರನ್ನು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ. ಮುಂಬೈಯ ಹೋಟೆಲಿನಲ್ಲೂ ಹೇಳಿದೆ. ಶಶಿಕಲಾಳಿಗೆ ಮದುವೆಯಾದ ಹೊಸತರಲ್ಲಿ ಹೇಳಿದ್ದೆ. ಅವಳು ಆಗಲೇ ನಂಬಲಿಲ್ಲ.

ಮುಂಬೈಯಲ್ಲಿ ದೋಸೆ ಕಲ್ಲಿನ ಮುಂದೆ ಎಂಟು ವರ್ಷ ನಿಂತ ಮೇಲೆ ಅಡುಗೆಯವನಾಗಿಯೇ ಕಡಲಾಚೆಯ ಈ ಹಿಮದ ದೇಶಕ್ಕೆ ಬಂದೆ. ಕೆಲವು ವರ್ಷ ಕಳೆದು ಒಶಾವಾ ಎಂಬ ಊರಿನಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಚಿಕ್ಕ ಕಾರ್ಖಾನೆ ಸೇರಿದೆ. ನನ್ನ ಕೆಲಸ ಬಾಗಿಲಿನ ಒಳಮೈಯ ಪ್ಯಾನೆಲಿಗೆ ಎಂಟು ಪ್ಲಾಸ್ಟಿಕ್ ಕ್ಲಿಪ್ಪು ಒತ್ತಿ, ಒಂದು ವಯರು ಸಿಕ್ಕಿಸಿ, ಮೂರು ಸ್ಕ್ರೂ ಬಿಗಿದು ಮುಂದಕ್ಕೆ ದೂಡುವುದು. ದೋಸೆ ಹೊಯ್ದ ಕೈಗೆ ಅದೇನು ದೊಡ್ಡದು? ಲೈನಿನಲ್ಲಿ ನನ್ನಷ್ಟು ಬೇಗ ಕ್ಲಿಪ್ಪು ಒತ್ತುವವರು ಇರಲಿಲ್ಲ. ಇದು ನೂರರ ಹಾಗಲ್ಲ, ಇದು ನಿಜ.

ಆ ಬೇಗವನ್ನು ಯಾವಾಗ ಅಡಗಿಸಬೇಕು ಎಂದು ಕಲಿಸಿದವರು ಗುರ್ಮೀತ್ ಪಾಜಿ. ಪಾಜಿ ಅಂದರೆ ಪಂಜಾಬಿಯಲ್ಲಿ ಅಣ್ಣ. ನನ್ನ ಎದುರಿನ ಜಾಗದಲ್ಲಿ ಇಪ್ಪತ್ತು ವರ್ಷ ನಿಂತವರು. ಆಗೊಮ್ಮೆ ಈಗೊಮ್ಮೆ ಆಫೀಸಿನಿಂದ ಹೊಸ ಹಳದಿ ಜಾಕೆಟಿನ ಇಂಜಿನಿಯರ್ ಒಬ್ಬ ಸ್ಟಾಪ್‌ವಾಚು ಹಿಡಿದು ಬರುತ್ತಿದ್ದ. ಒಂದೊಂದು ಕೆಲಸಕ್ಕೆ ಎಷ್ಟು ಸೆಕೆಂಡು ಎಂದು ಬರೆದುಕೊಳ್ಳುವುದು ಅವನ ಕೆಲಸ. ಅವನು ಬಾಗಿಲು ದಾಟುವ ಮೊದಲೇ ಲೈನಿನ ಆ ತುದಿಯಿಂದ ಈ ತುದಿಗೆ ಒಂದು ಮಾತು ಬರುತ್ತಿತ್ತು. "ಬಾರಿಶ್." ಮಳೆ ಬಂತು ಎಂದು ಅರ್ಥ. ಮಳೆ ಬಂದಾಗ ಹೇಗೆ ನೋಡಿಕೊಂಡು ಕಾಲಿಡುತ್ತೇವೋ ಹಾಗೆ ಎಲ್ಲರ ಕೈಗಳೂ. ಕ್ಲಿಪ್ಪು ಎತ್ತಿ ಎರಡೂ ಬದಿ ನೋಡುವುದು, ಸ್ಕ್ರೂ ಬಿಗಿದು ಮತ್ತೊಮ್ಮೆ ಮುಟ್ಟಿ ನೋಡುವುದು. ಸುಳ್ಳು ಅನ್ನುವ ಹಾಗಿಲ್ಲ, ಎಲ್ಲವೂ ನಿಯಮದ ಪುಸ್ತಕದಲ್ಲಿ ಇರುವುದೇ.

ಕಾರಣವೂ ಇತ್ತು. ನನ್ನ ಪಕ್ಕ ಲೂಸಿ ಎಂಬ ಫಿಲಿಪೀನ್ಸಿನ ಹೆಂಗಸು. ವಯಸ್ಸು ಅರುವತ್ತರ ಹತ್ತಿರ. ಬಲಗೈ ಮಣಿಕಟ್ಟಿಗೆ ಯಾವಾಗಲೂ ಪಟ್ಟಿ. ನನ್ನ ಬೇಗವೇ ಲೈನಿನ ಬೇಗ ಎಂದು ಆಫೀಸಿನವರು ಬರೆದುಕೊಂಡರೆ ಆ ಕೈ ಏನು ಮಾಡಬೇಕು?

ಹೀಗಿರುವಾಗ ಹರಿಣಿ ಬಂದಳು. ಊರಲ್ಲಿ ಬಿ.ಇ. ಮುಗಿಸಿದ್ದಳು. ಇಲ್ಲಿ ಒಶಾವಾದಲ್ಲೇ ಮತ್ತೆರಡು ವರ್ಷ ಇಂಜಿನಿಯರಿಂಗ್ ಓದಿದಳು. ನಮ್ಮ ಬೇಸ್‌ಮೆಂಟಿನಲ್ಲಿ ಇದ್ದಳು. ಅವಳ ಪರೀಕ್ಷೆ ಬಂದರೆ ನಮ್ಮ ಮನೆಯಲ್ಲಿ ಮಿಕ್ಸಿ ಸದ್ದು ನಿಲ್ಲುತ್ತಿತ್ತು. ಶಶಿಕಲಾ ತೆಂಗಿನಕಾಯಿ ತುರಿದು ಹಾಗೇ ಬಾಯಲ್ಲಿ ಜಗಿದು ತಿನ್ನಿ ಅನ್ನುತ್ತಿದ್ದಳು. ಓದು ಮುಗಿದು ಎಲ್ಲೆಲ್ಲೋ ಅರ್ಜಿ ಹಾಕಿ, ಕೊನೆಗೆ ಅವಳಿಗೆ ಟ್ರೈನೀ ಕೆಲಸ ಸಿಕ್ಕಿದ್ದು ನಮ್ಮದೇ ಕಾರ್ಖಾನೆಯಲ್ಲಿ. ಆರು ತಿಂಗಳು ನೋಡಿ ಆಮೇಲೆ ಖಾಯಂ ಮಾಡುತ್ತಾರಂತೆ. ಆ ದಿನ ಅವಳನ್ನು ಕರೆದುಕೊಂಡು ಹೋಗಿ, ಕಾರ್ಖಾನೆಗೆ ಬೇಕಾದ, ತುದಿಯಲ್ಲಿ ಉಕ್ಕಿನ ತಗಡಿರುವ ಸ್ಟೀಲ್ ಟೋ ಶೂಸು ಕೊಡಿಸಿದೆ. ಮನೆಗೆ ಬಂದು ಅದನ್ನು ಹಾಕಿಕೊಂಡು ಬೇಸ್‌ಮೆಂಟಿನ ಮೆಟ್ಟಿಲಲ್ಲಿ ಮೇಲೆ ಕೆಳಗೆ ನಡೆದಳು.

"ಅತ್ತಿಗೆ, ಇದು ಭರತನಾಟ್ಯಕ್ಕೆ ಆಗುದಿಲ್ಲ ಅಲ್ವಾ?"

"ಯಕ್ಷಗಾನಕ್ಕೆ ಆಗ್ತದೆ. ಮೆಟ್ಟಿಲು ಮುರಿಬೇಡ" ಅಂದಳು ಶಶಿಕಲಾ.

ಆಮೇಲಿನ ಕೆಲವು ವಾರಗಳನ್ನು ನಾನು ಎಷ್ಟು ಸಲ ನೆನೆದಿದ್ದೇನೋ ಲೆಕ್ಕವಿಲ್ಲ. ಬೆಳಗಿನ ಶಿಫ್ಟಿಗೆ ಇಬ್ಬರೂ ಒಂದೇ ಕಾರಿನಲ್ಲಿ ಹೋಗುತ್ತಿದ್ದೆವು. ಗಾಜಿನ ಮೇಲಿನ ಹಿಮ ನಾನು ಕೆರೆಯುವಷ್ಟರಲ್ಲಿ ಅವಳು ಒಳಗೆ ಹೀಟರ್ ಹಾಕಿ ಕೂರುತ್ತಿದ್ದಳು. ಅವಳ ಕಾಲಿನ ಹತ್ತಿರ ಎರಡು ಊಟದ ಡಬ್ಬಿ. ಎರಡರಲ್ಲೂ ಒಂದೇ ಪಲ್ಯ. ಹದಿನೈದು ನಿಮಿಷದ ದಾರಿ. ಕಾಲೇಜಿನಲ್ಲಿ ಕಲಿತದ್ದು ಯಾವುದೂ ಇಲ್ಲಿ ಕೇಳುವುದಿಲ್ಲ, ಇಲ್ಲಿ ಕೇಳುವುದು ಯಾವುದೂ ಅಲ್ಲಿ ಕಲಿಸಿಲ್ಲ ಎಂದು ಅವಳಿಗೆ ದಿನಾ ಒಂದು ಆಶ್ಚರ್ಯ.

"ಅಣ್ಣಾ, ಅಲ್ಲಿ ಲೆಕ್ಕದಲ್ಲಿ ಮನುಷ್ಯ ಅಂದ್ರೆ ಒಂದು ಬಾಕ್ಸು. ಇಲ್ಲಿ ನೋಡಿದ್ರೆ ಒಬ್ರಿಗೆ ಸೊಂಟನೋವು, ಒಬ್ರಿಗೆ ಮಗಳ ಮದುವೆ. ಇದನ್ನೆಲ್ಲ ಎಲ್ಲಿ ಬರೀಬೇಕು?"

"ಬಾಕ್ಸಿನ ಹೊರಗೆ ಬರಿ" ಅನ್ನುತ್ತಿದ್ದೆ. ಏಳನೇ ಕ್ಲಾಸಿನವನ ಮಾತಿಗೆ ಇಂಜಿನಿಯರು ನಗುತ್ತಿದ್ದಳು. ಆ ನಗು ಕೇಳುವುದಕ್ಕೇ ನಾನು ಕೆಂಪು ಸಿಗ್ನಲ್ ಬೀಳಲಿ ಅಂದುಕೊಂಡದ್ದುಂಟು.

ಅವಳ ಮೊದಲ ದೊಡ್ಡ ಕೆಲಸ ನಮ್ಮ ಲೈನಿನ ಸಮಯ ಅಳೆಯುವುದು. "ಅಣ್ಣ ಇರುವ ಲೈನೇ ತೆಗೆದುಕೋ, ಯಾರೂ ತೊಂದರೆ ಕೊಡಲಿಕ್ಕಿಲ್ಲ" ಎಂದಿದ್ದರಂತೆ ಅವಳ ಮೇಲಿನವರು. ಆ ದಿನ ಬೆಳಿಗ್ಗೆ ಅವಳು ಬಾಗಿಲಲ್ಲಿ ಕಾಣಿಸಿಕೊಂಡಾಗ ಲೈನಿನಲ್ಲಿ ಯಾರೂ ಬಾರಿಶ್ ಅನ್ನಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು.

"ಸಂಜು," ಅಂದರು ಗುರ್ಮೀತ್ ಪಾಜಿ ಮೆಲ್ಲಗೆ, "ತೇರೀ ಬೆಹನ್ ಹೈ. ತೂ ಬೋಲ್. ಬಾರಿಶ್ ಹೈ ಕಿ ನಹೀಂ?"

ನನ್ನ ತಂಗಿ, ಆದ್ದರಿಂದ ಮಳೆಯೋ ಅಲ್ಲವೋ ನಾನೇ ಹೇಳಬೇಕು. ಲೂಸಿ ಪಟ್ಟಿ ಕಟ್ಟಿದ ಕೈಯನ್ನು ಎಡಗೈಯಿಂದ ಒಮ್ಮೆ ಒತ್ತಿಕೊಂಡಳು. ನಾನು "ಬಾರಿಶ್ ಹೈ" ಅಂದೆ.

ಹರಿಣಿ ಬಂದು ನನ್ನ ಪಕ್ಕದಲ್ಲೇ ನಿಂತಳು. ದೊಡ್ಡ ಕನ್ನಡಕ, ದೊಗಲೆ ಜಾಕೆಟು, ಕೈಯಲ್ಲಿ ಕ್ಲಿಪ್‌ಬೋರ್ಡು. ನನ್ನನ್ನು ನೋಡಿ ನಗದೆ ಇರಲು ತುಟಿ ಕಚ್ಚಿಕೊಂಡಿದ್ದಳು. ನಾನು ಕ್ಲಿಪ್ಪು ಎತ್ತಿದೆ, ಎರಡೂ ಬದಿ ನೋಡಿದೆ, ಒತ್ತಿದೆ. ಹತ್ತು ಪ್ಯಾನೆಲ್ ಅಳೆದಳು. ಎಂಟು ಕ್ಲಿಪ್ಪಿಗೆ ಇಪ್ಪತ್ತನಾಲ್ಕು ಸೆಕೆಂಡು ಎಂದು ಬರೆದುಕೊಂಡದ್ದನ್ನು ನನ್ನ ಕಣ್ಣಿಂದ ನೋಡಿದೆ.

ಇಲ್ಲಿಯವರೆಗಿನದ್ದಕ್ಕೆ ನನಗೆ ಅಂಥ ಪಶ್ಚಾತ್ತಾಪ ಇಲ್ಲ. ಲೂಸಿಯ ಕೈ ನೆನೆದರೆ ಇವತ್ತೂ ಅದನ್ನೇ ಮಾಡುತ್ತೇನೇನೋ. ನನ್ನ ತಪ್ಪು ಆಗಿದ್ದು ಕಾರಿನಲ್ಲಿ. ಮನೆಗೆ ಹಿಂದಿರುಗುವಾಗ ಹರಿಣಿ ಕೇಳಿದಳು:

"ಅಣ್ಣಾ, ಉಳಿದವರದ್ದು ನಂಗೆ ಡೌಟು ಉಂಟು. ನನ್ನ ನೋಡಿ ನಿಧಾನ ಮಾಡ್ತಾರೆ ಅಂತ ಕಾಣ್ತದೆ. ನಿನ್ನದು ಮಾತ್ರ ನಿಜವಾದ ಸ್ಪೀಡು ಅಲ್ವಾ? ನಿನ್ನದರ ಮೇಲೆ ರಿಪೋರ್ಟು ಬರೀತೇನೆ."

ಅವಳು ಇಂಜಿನಿಯರಾಗಿ ಕೇಳಿರಲಿಲ್ಲ. ನಮ್ಮ ಇಬ್ಬರ ನಡುವೆ ಊಟದ ಡಬ್ಬಿ ಬಿಟ್ಟರೆ ಬೇರೆ ಯಾರೂ ಇರಲಿಲ್ಲ. "ಇಲ್ಲ ಮಾರಾಯ್ತಿ, ನಾವೆಲ್ಲ ಹೀಗೆ ಮಾಡ್ತೇವೆ, ಕಾರಣ ಇಂಥದ್ದು" ಎಂದು ಹೇಳಿದ್ದರೆ ಅವಳು ದಾರಿ ಹುಡುಕುತ್ತಿದ್ದಳು. ಬಾಕ್ಸಿನ ಹೊರಗೆ ಲೂಸಿಯ ಕೈಯನ್ನೂ ಬರೆಯುತ್ತಿದ್ದಳೋ ಏನೋ. ಆದರೆ ಎಲ್ಲರ ಎದುರು ಮಳೆ ಕರೆದವನು ನಾನೇ ಎಂದು ಅವಳಿಗೆ ಗೊತ್ತಾಗುತ್ತದಲ್ಲ ಎಂಬ ನಾಚಿಕೆ ನನ್ನ ಬಾಯಿ ಕಟ್ಟಿತು.

"ಹೌದು, ಅದೇ ನನ್ನ ಸ್ಪೀಡು" ಅಂದೆ.

"ನಂಗೊತ್ತುಂಟು" ಅಂದಳು, ಸೀಟಿಗೆ ಒರಗಿ.

ಅವಳ ರಿಪೋರ್ಟನ್ನು ಮೀಟಿಂಗಿನಲ್ಲಿ ಹರಿದು ಹಾಕಿದರು. ಕಾಗದವನ್ನಲ್ಲ, ಅವಳ ಮಾನವನ್ನು. ಲೈನಿನ ಕೊನೆಯಲ್ಲಿ ಪ್ಯಾನೆಲ್ ಎಣಿಸುವ ಒಂದು ಮಿಷಿನು ಇತ್ತು. ಅವಳ ಸೆಕೆಂಡುಗಳನ್ನು ನಂಬಿದರೆ ನಾವು ಊಟ, ಟೀ ಬಿಟ್ಟು ದುಡಿದರೂ ಮಿಷಿನು ಎಣಿಸಿದಷ್ಟು ಪ್ಯಾನೆಲ್ ಆಗಲು ಸಾಧ್ಯವಿರಲಿಲ್ಲ. ಆದರೆ ದಿನಾ ಆಗುತ್ತಿತ್ತು. ಗಡಿಯಾರ ಇಲ್ಲದಾಗ ನಮ್ಮ ಕೈ ಹೇಗೆ ಓಡುತ್ತದೆ ಎಂಬುದು ಮಿಷಿನಿಗೆ ಗೊತ್ತಿತ್ತು. ಕೂಡಿಸಿ ಕಳೆಯಲು ಬಾರದವಳು ಯೂನಿವರ್ಸಿಟಿಯಿಂದ ಹೇಗೆ ಹೊರಗೆ ಬಂದಳು ಎಂದು ಒಬ್ಬರು ಕೇಳಿದರಂತೆ.

"ನಾನು ಬಿಡ್ಲಿಲ್ಲ ಅಣ್ಣಾ" ಅಂದಳು ಆ ಸಂಜೆ ಕಾರಿನಲ್ಲಿ. "ಮಿಷಿನು ತಪ್ಪು ಎಣಿಸ್ತದೆ, ವಾಪಸ್ ಬಂದ ಪ್ಯಾನೆಲ್ ಎರಡೆರಡು ಸಲ ಎಣಿಸ್ತದೆ ಅಂತ ಹೇಳಿದೆ. ಅಳೆದದ್ದು ನನ್ನ ಅಣ್ಣನ ಕೈಯನ್ನು ಅಂತ ಹೇಳಿದೆ."

ನಾನು ಟೈರಿನ ವಿಷಯ ಮಾತಾಡಿದೆ. ಎಡಗಡೆಯ ಮುಂದಿನ ಟೈರಿನಲ್ಲಿ ಗಾಳಿ ಕಡಿಮೆ ಇದ್ದ ಹಾಗಿದೆ, ನಾಳೆ ನೋಡಬೇಕು ಅಂದೆ. ಟೈರು ಸರಿಯಾಗಿಯೇ ಇತ್ತು.

ಆರು ತಿಂಗಳಾದ ಮೇಲೆ ಅವಳನ್ನು ಖಾಯಂ ಮಾಡಲಿಲ್ಲ. ಮತ್ತೆ ಬೇಸ್‌ಮೆಂಟು, ಮತ್ತೆ ಅರ್ಜಿ. ನಾಲ್ಕು ತಿಂಗಳ ನಂತರ ಅರೋರಾದ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸವಾಯಿತು, ಅಲ್ಲೇ ಮನೆ ಮಾಡಿದಳು. ಸೂಟ್‌ಕೇಸ್ ಕಾರಿಗೆ ಹಾಕುವಾಗ ಸ್ಟೀಲ್ ಟೋ ಶೂಸಿನ ರಟ್ಟಿನ ಪೆಟ್ಟಿಗೆ ಬೇಡ ಅಂದಳು. ನಾನು ಬಿಸಾಡಲಿಲ್ಲ.

ಅರೋರಾ ದೂರದ ಊರೇನಲ್ಲ. ಹೆದ್ದಾರಿ ಖಾಲಿ ಇದ್ದರೆ ಮುಕ್ಕಾಲು ಗಂಟೆ. ಆದರೆ ಹೆದ್ದಾರಿಯೂ ಖಾಲಿ ಇರುವುದಿಲ್ಲ, ಜನರೂ ಖಾಲಿ ಇರುವುದಿಲ್ಲ. ಹಬ್ಬಕ್ಕೆ ಬರುತ್ತಾಳೆ, ಎರಡು ದಿನ ಇದ್ದು ಹೋಗುತ್ತಾಳೆ. ನಾನು ಬೆಳಿಗ್ಗೆ ಗಾಜು ಕೆರೆದು ಕಾರಿನ ಒಳಗೆ ಕೂತರೆ ಒಳಗೂ ಹೊರಗಿನಷ್ಟೇ ಚಳಿ. ಅವಳು ಹಿಂದಕ್ಕೆ ಸರಿಸಿಟ್ಟ ಪಕ್ಕದ ಸೀಟನ್ನು ನಾನು ಮುಂದಕ್ಕೆ ತಂದಿಲ್ಲ. "ಇದ್ಯಾಕೆ ಇಷ್ಟು ಹಿಂದೆ? ನಾನೇನು ಒಂಟೆಯಾ?" ಎಂದು ಶಶಿಕಲಾ ತನಗೆ ಬೇಕಾದ ಹಾಗೆ ಎಳೆದುಕೊಳ್ಳುತ್ತಾಳೆ. ಅವಳು ಇಳಿದ ಮೇಲೆ ನಾನು ಮತ್ತೆ ಹಿಂದಕ್ಕೆ ಸರಿಸುತ್ತೇನೆ.

ಹೀಗೆಯೇ ಇದು ನನ್ನೊಂದಿಗೇ ಮುಗಿದು ಹೋಗುತ್ತಿತ್ತು. ಆದರೆ ಕಳೆದ ಚಳಿಗಾಲದಲ್ಲಿ ಹರಿಣಿ ಫೋನು ಮಾಡಿದಳು. ಅವಳೀಗ ಅಲ್ಲಿ ಮೇಲಿನ ಹುದ್ದೆಯಲ್ಲಿದ್ದಾಳೆ. ಕಾಲೇಜಿನಿಂದ ಆಗತಾನೇ ಬಂದ ಇಬ್ಬರು ಅವಳ ಕೈಕೆಳಗೆ ಕಲಿಯುತ್ತಿದ್ದರು.

"ನಿನ್ನ ಕಥೆ ಹೇಳಿದೆ ಅಣ್ಣಾ ಅವರಿಗೆ. ಮಿಷಿನಿನ ಲೆಕ್ಕ ನೋಡಿ ಹೆದರ್ಬೇಡಿ, ನಂಬಿಕೆಯವರೊಬ್ಬರ ಕೈ ನೋಡಿ, ಅದನ್ನೇ ಬರೀರಿ ಅಂತ. ನನ್ನ ನಂಬರು ಸರಿ ಇತ್ತು, ನಾನು ಆ ದಿನ ಸೋತರೂ ಸರಿ ಇತ್ತು ಅಂತ ಹೇಳಿದೆ."

ನನ್ನ ಒಂದು "ಹೌದು" ಅವಳ ಒಳಗೆ ಪಾಠವಾಗಿ ಬೆಳೆದು ಈಗ ಬೇರೆ ಮಕ್ಕಳಿಗೂ ಹೋಗುತ್ತಿತ್ತು. ನಾಳೆ ಆ ಮಕ್ಕಳೂ ಇಂಥದ್ದೇ ಒಂದು ಮೀಟಿಂಗಿನಲ್ಲಿ ನಿಲ್ಲುತ್ತಾರೆ. ಹೇಳಿದರೆ ತಂಗಿ ಆರು ವರ್ಷ ಹಿಡಿದುಕೊಂಡು ನಿಂತ ಧೈರ್ಯವನ್ನು ನಾನೇ ಎಳೆದುಕೊಂಡ ಹಾಗೆ. ಹೇಳದಿದ್ದರೆ?

ಯುಗಾದಿಗೆ ಬಂದಾಗ ಹೇಳಿದೆ. ಬಾಯಲ್ಲಿ ಹೇಳಲು ಆಗಲಿಲ್ಲ. ಶೂಸಿನ ಪೆಟ್ಟಿಗೆಯ ಮುಚ್ಚಳಕ್ಕೆ ಎಂಟು ತೂತು ಮಾಡಿ ಇಟ್ಟಿದ್ದೆ. ನನ್ನ ಕೋಟಿನ ಜೇಬಿನಲ್ಲಿ ಯಾವಾಗಲೂ ನಾಲ್ಕಾರು ಕ್ಲಿಪ್ಪು ಇರುತ್ತವೆ, ಶಶಿಕಲಾಳ ವಾಷಿಂಗ್ ಮಿಷಿನಿಗೆ ಅವು ಹಳೆಯ ವೈರಿಗಳು. ಊಟದ ಮೇಜಿನ ಮೇಲೆ ಎಂಟು ಕ್ಲಿಪ್ಪು ಸಾಲಾಗಿ ಇಟ್ಟು, "ಹರಿಣಿ, ಫೋನಲ್ಲಿ ವಾಚು ಹಾಕು" ಅಂದೆ.

"ಎಂಥಕ್ಕೆ?"

"ಹಾಕು ಮಾರಾಯ್ತಿ."

ಅವಳು ನಗುತ್ತಾ ಹಾಕಿದಳು. ನಾನು ಅವಳ ಕೈಯ ಕಡೆ ನೋಡಲಿಲ್ಲ. ಕಣ್ಣು ಮುಚ್ಚಿ ಒತ್ತಿದೆ. ಮುಗಿದಾಗ ಕಣ್ಣು ಬಿಟ್ಟೆ. ಫೋನಿನಲ್ಲಿ ಹದಿನಾಲ್ಕು ಎಂದಿತ್ತು. ಅವಳ ನಗು ಎಲ್ಲಿಗೆ ಬಂದಿತ್ತೋ ಅಲ್ಲೇ ನಿಂತಿತ್ತು.

"ಇಪ್ಪತ್ನಾಲ್ಕು" ಅಂದಳು ಮೆಲ್ಲಗೆ.

"ಹೌದು. ಆ ದಿನ ಕಾರಲ್ಲಿ ನೀನು ಕೇಳಿದ್ದಿಯಲ್ಲ. ನಾನು ಸುಳ್ಳು ಹೇಳಿದೆ."

ಶಶಿಕಲಾ ಒಬ್ಬಟ್ಟಿನ ತಟ್ಟೆ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು. ಹರಿಣಿ ಬೈಯುತ್ತಾಳೆ, ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಕ್ಲಿಪ್ಪುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಸಾಲಾಗಿ ಇಟ್ಟಳು.

"ಇನ್ನೊಮ್ಮೆ ಮಾಡು. ಒಂದು ರೀಡಿಂಗ್ ಸಾಕಾಗುದಿಲ್ಲ."

ಹತ್ತು ಸಲ ಮಾಡಿಸಿದಳು. ಹತ್ತು ಅಂಕೆಗಳನ್ನೂ ಪೆಟ್ಟಿಗೆಯ ಬದಿಯಲ್ಲಿ ಬರೆದಳು. ಆಮೇಲೆ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಒಬ್ಬಟ್ಟು ಮುಟ್ಟದೆ, ಅರೋರಾಕ್ಕೆ ಹೊರಟುಬಿಟ್ಟಳು. ಕಾರು ತಿರುವು ದಾಟುವವರೆಗೂ ನಾನು ಹಿಮದಲ್ಲಿ ಚಪ್ಪಲಿಯಲ್ಲೇ ನಿಂತಿದ್ದೆ.

ಮೂರು ವಾರ ಫೋನಿಲ್ಲ. ಲೈನಿನಲ್ಲಿ ನನ್ನ ಕೈ ಗಡಿಯಾರ ಇಲ್ಲದೆಯೂ ನಿಧಾನವಾಗಿತ್ತು. ಗುರ್ಮೀತ್ ಪಾಜಿ ಆಗಲೇ ರಿಟೈರಾಗಿದ್ದರು, ಲೂಸಿಯೂ ಮಗಳ ಮನೆ ಸೇರಿದ್ದಳು. ಮಳೆ ಬಂತಾ ಎಂದು ಕೇಳುವವರೂ ಇರಲಿಲ್ಲ. ನಾಲ್ಕನೇ ವಾರ ಹರಿಣಿ ಫೋನು ಮಾಡಿದಳು.

"ಶನಿವಾರ ಬೆಳಿಗ್ಗೆ ಬಾ. ನನ್ನ ಟ್ರೈನೀಗಳಿಬ್ಬರನ್ನೂ ಮನೆಗೆ ಕರೆದಿದ್ದೇನೆ. ಹೇಗೆ ನಿಧಾನ ಮಾಡುದು ಅಂತ ಅವರಿಗೆ ತೋರಿಸು. ಪುಸ್ತಕದಲ್ಲಿ ಇಲ್ಲ ಅದು."

"ಬೈಯಲಿಕ್ಕೆ ಕರಿತಿದ್ದಿಯಾ?"

"ಬೈಯುದು ಬೇರೆ ದಿನ. ಅದಕ್ಕೆ ರಜೆ ಹಾಕಿ ಬರ್ಬೇಕು ನೀನು."

ಹೋದೆ. ಅವಳ ಊಟದ ಮೇಜಿನ ಮೇಲೆ ಅದೇ ಪೆಟ್ಟಿಗೆಯ ಮುಚ್ಚಳ, ಅದೇ ಎಂಟು ತೂತು. ಎದುರಿಗೆ ಒಬ್ಬ ಹುಡುಗಿ, ಒಬ್ಬ ಹುಡುಗ, ಇಬ್ಬರ ಕೈಯಲ್ಲೂ ಹೊಸ ನೋಟುಪುಸ್ತಕ. "ಮೈ ಬ್ರದರ್" ಎಂದು ಪರಿಚಯಿಸಿದಳು. ಮತ್ತೇನನ್ನೂ ಸೇರಿಸಲಿಲ್ಲ. ಮೊದಲು ನನ್ನ ನಿಜವಾದ ವೇಗ ತೋರಿಸಿದೆ. ಮಕ್ಕಳು ಬಾಯಿ ತೆರೆದರು. ಆಮೇಲೆ, "ಈಗ ನಿಧಾನ" ಅಂದಳು ಹರಿಣಿ, ಫೋನಿನ ವಾಚು ನನ್ನ ಕಣ್ಣಿಗೆ ಕಾಣುವ ಹಾಗೆ ಮೇಜಿನ ಮೇಲಿಟ್ಟು.

ನೋಡಿ, ಅಂಗಡಿಯವರ ಎದುರು, ನರ್ಸಿನ ಎದುರು, ಸ್ವಂತ ಹೆಂಡತಿಯ ಎದುರು ತಾನಾಗಿ ನಿಧಾನವಾಗುವ ಕೈ ಆ ದಿನ ಕೇಳಲೇ ಇಲ್ಲ. ಕ್ಲಿಪ್ಪಿನ ಎರಡು ಬದಿ ನೋಡೋಣ ಎಂದು ಎತ್ತುವಷ್ಟರಲ್ಲಿ ಅದು ತೂತಿನ ಒಳಗೆ ಕೂತಿರುತ್ತಿತ್ತು. ಮೂರು ಸಲ ನೋಡಿದೆ. ಮೂರು ಸಲವೂ ಹದಿನಾಲ್ಕು, ಹದಿನೈದು. ಮಕ್ಕಳು ನಗತೊಡಗಿದರು.

"ನಿಧಾನ ಅಣ್ಣಾ, ನಿಧಾನ. ನಾನು ಹೇಳ್ತೇನೆ, ಹಾಗೆ ಮಾಡು" ಎಂದು ಹರಿಣಿ ಪೆನ್ನಿನ ಹಿಂಬದಿಯಿಂದ ಮೇಜಿಗೆ ಕುಟ್ಟತೊಡಗಿದಳು. ಟಕ್... ಟಕ್... ಒಂದು ಸದ್ದಿಗೆ ಒಂದು ಕ್ಲಿಪ್ಪು. ನಾನು ತಲೆ ತಗ್ಗಿಸಿ ಅದಕ್ಕೇ ಕಿವಿಗೊಟ್ಟೆ. ಒಂದು, ಎರಡು, ಮೂರು ಕ್ಲಿಪ್ಪು ಅವಳು ಹೇಳಿದ ಹಾಗೆ ಹೋದವು. ನಾಲ್ಕನೆಯದನ್ನು ಹಿಡಿದ ಕೈ ಅಲ್ಲೇ ನಿಂತಿತು. ಅವಳು ನೋಡಿದಳೋ ಏನೋ. ನಾನು ತಲೆ ಎತ್ತಲಿಲ್ಲ. ಮೇಜಿನ ಮೇಲಿನ ಆ ಸದ್ದಿಗೆ ಮೆಲ್ಲಗೆ ಕಾಲು ಬಂತು. ಟಕ್, ಟಕ್, ಟಕ್ ಎಂದು ಓಡತೊಡಗಿತು.